ನೀಲಿ ಶೀಟಿನ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಥಣಿಸಂದ್ರದ ಕಡೆ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಒಂದು ಖಾಲಿ ಜಾಗ ಇದೆ. ಖಾಲಿ ಅಂತ ಇರುವುದು ಕಾಗದದಲ್ಲಿ ಮಾತ್ರ. ಅಲ್ಲಿ ಅರವತ್ತು ಚಿಲ್ಲರೆ ಶೆಡ್ಡುಗಳಿವೆ. ಆರು ವರ್ಷದಿಂದ ಭಾನುವಾರ ಅಲ್ಲಿನ ಮಕ್ಕಳಿಗೆ ಓದಿಸಲು ಹೋಗುತ್ತಿದ್ದೇನೆ. ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ನನಗೆ ಬರುವ ಪತ್ರಗಳಲ್ಲಿ ತಿರುಗಿ ತಿರುಗಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬಾಡಿಗೆ, ಕೂಲಿ, ನೀರಿನ ಲೆಕ್ಕ ನಾನು ಹೋಗುವ ಸಾಲಿನದು. ಬೇರೆ ಕಡೆ ಹೆಚ್ಚು ಕಮ್ಮಿ ಇರಬಹುದು.

## ಮೊದಲ ಸಲ ನೋಡಿದವರು ಕೇಳುವವು

ಈ ನೀಲಿ ಟೆಂಟ್‌ಗಳಲ್ಲಿ ಇರೋರು ಯಾರು? ಎಲ್ಲಿಂದ ಬಂದೋರು?

ನಮ್ಮ ಸಾಲಿನಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಯವರು. ಸುರಪುರ, ಶಹಾಪುರ, ದೇವದುರ್ಗದ ಹೆಸರು ದಿನಾ ಕಿವಿಗೆ ಬೀಳುತ್ತದೆ. ಗಂಡಸರು ಗೌಂಡಿ ಕೆಲಸ, ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸ ಮಾಡುತ್ತಾರೆ. ಹೆಂಗಸರು ಇಟ್ಟಿಗೆ, ಮರಳು, ಸಿಮೆಂಟು ಹೊರುತ್ತಾರೆ. ಕೆಲವರು ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಹಿಡಿದಿದ್ದಾರೆ. ಬರುವುದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಬಸವ ಎಕ್ಸ್‌ಪ್ರೆಸ್ಸಿನಲ್ಲೋ, ಜನರಲ್ ಬೋಗಿಯಲ್ಲಿ. ಇಲ್ಲವೇ ಬಸ್ಸಿನಲ್ಲಿ, ಜೋಳದ ಚೀಲದ ಸಮೇತ.

ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಅವರ ಕಡೆ ಒಂದೇ ಮಾತು, ಗುಳೆ. ‘ಗುಳೇಕ್ ಬಂದೀವ್ರಿ’ ಅನ್ನುತ್ತಾರೆ.

ಊರಲ್ಲಿ ಹೊಲ ಇದೆ ಅಂತಾರೆ, ಮತ್ತೆ ಯಾಕೆ ಬರ್ತಾರೆ?

ಹೊಲ ಇರುತ್ತದೆ, ಎರಡೆಕರೆ ಮೂರೆಕರೆ. ನೀರು ಇರುವುದಿಲ್ಲ. ಆ ಭಾಗದ ಮುಖ್ಯ ಬೆಳೆ ತೊಗರಿ. ಮುಂಗಾರಿಗೆ ಬಿತ್ತಿ ಡಿಸೆಂಬರ್, ಜನವರಿಗೆ ಕೊಯ್ದರೆ ವರ್ಷದ ಕೆಲಸ ಮುಗಿಯಿತು. ಮುಂದಿನ ಮಳೆಯವರೆಗೆ ಹೊಲ ಸುಮ್ನೆ ಬಿದ್ದಿರುತ್ತದೆ, ಸಾಲ ಸುಮ್ನೆ ಇರುವುದಿಲ್ಲ. ಕಾಲುವೆ ನೀರು ಬರುವ ಊರುಗಳಿಂದ ಬಂದವರು ನಮ್ಮ ಸಾಲಿನಲ್ಲಿ ಕಮ್ಮಿ. ಅಷ್ಟು ಸಾಕು ಕಾರಣ ತಿಳಿಯಲು.

ಉದ್ಯೋಗ ಖಾತ್ರಿ ಇಲ್ಲವೇ ಅಂತ ಕೇಳುತ್ತೀರಿ. 2024–25ರಲ್ಲಿ ಅದರ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು, ಮನೆಗೆ ವರ್ಷಕ್ಕೆ ನೂರು ದಿನ. ಬೆಂಗಳೂರಿನಲ್ಲಿ ಗಂಡಾಳಿಗೆ ಅದರ ಎರಡರಷ್ಟು ಸಿಗುತ್ತದೆ, ವಾರ ವಾರ ಕೈಗೆ ಬರುತ್ತದೆ.

ಪುಕ್ಕಟೆ ಜಾಗದಲ್ಲಿ ಕೂತಿದ್ದಾರೆ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ: ಇಲ್ಲ. ಅಲ್ಲಿ ಪುಕ್ಕಟೆ ಸಿಗುವುದು ಸೊಳ್ಳೆ ಒಂದೇ.

ಜಾಗಕ್ಕೆ ಮಾಲೀಕರು ಇದ್ದಾರೆ. ಅವರು ಇನ್ನೂ ಕಟ್ಟಿಲ್ಲ. ಬೆಲೆ ಏರಲಿ ಅಂತಲೋ, ಕೋರ್ಟಿನಲ್ಲಿ ಕೇಸು ಇದೆ ಅಂತಲೋ ಬಿಟ್ಟಿದ್ದಾರೆ. ಅಲ್ಲಿಯವರೆಗೆ ಶೆಡ್ಡಿಗೆ ತಿಂಗಳಿಗೆ 1,500 ರೂಪಾಯಿ ಬಾಡಿಗೆ. ಇದು ನೆಲಕ್ಕೆ ಮಾತ್ರ. ಗಳ, ತಾಡಪತ್ರಿ, ಹಗ್ಗ ಎಲ್ಲಾ ಇರುವವರದೇ ಖರ್ಚು. ಅರವತ್ತು ಶೆಡ್ಡು ಅಂದರೆ ತಿಂಗಳಿಗೆ 90,000. ಒಂದು ಇಟ್ಟಿಗೆ ಇಡದೆ! ರಸೀದಿ ಮಾತ್ರ ಯಾರಿಗೂ ಕೊಡುವುದಿಲ್ಲ. ಈ ರಸೀದಿಯ ಮಾತು ಮುಂದೆ ಇನ್ನೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅಷ್ಟು ಬಾಡಿಗೆ ಕೊಡೋ ಬದಲು ಒಂದು ರೂಮ್ ಮಾಡಬಾರದಾ?

ಹತ್ತಿರದಲ್ಲಿ ಒಂದು ರೂಮಿಗೆ ಐದಾರು ಸಾವಿರ ಬಾಡಿಗೆ, ಅದರ ಮೇಲೆ ಅಡ್ವಾನ್ಸು. ಅಷ್ಟು ದುಡ್ಡು ಒಟ್ಟಿಗೆ ಇದ್ದಿದ್ದರೆ ಅವರು ಬೆಂಗಳೂರಿಗೆ ಬರುತ್ತಲೇ ಇರಲಿಲ್ಲ. ಮನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ ಎಷ್ಟು ಜನ ಅಂತ. ಎರಡನೆಯದು ಯಾವ ಜನ ಅಂತ. ಎರಡಕ್ಕೂ ಸರಿಯಾದ ಉತ್ತರ ಇವರ ಹತ್ತಿರ ಇರುವುದಿಲ್ಲ.

ಇನ್ನೊಂದು ಕಾರಣ ನನಗೆ ತಡವಾಗಿ ಅರ್ಥವಾಯಿತು. ಶೆಡ್ಡುಗಳ ಸಾಲಿನಲ್ಲಿ ಅಣ್ಣ, ತಮ್ಮ, ಸೋದರಮಾವ, ಅದೇ ಊರಿನ ಇನ್ನೆರಡು ಮನೆ ಒಟ್ಟಿಗೆ ಇರುತ್ತವೆ. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ನೋಡಲು ಒಬ್ಬ ಮುದುಕಿ ಇರುತ್ತಾಳೆ. ರೂಮಿನಲ್ಲಿ ಆ ಮುದುಕಿ ಸಿಗುವುದಿಲ್ಲ.

ಒಳಗೆ ಹೇಗಿರುತ್ತೆ?

ಹತ್ತಡಿಗೆ ಹನ್ನೆರಡಡಿ. ನಾಲ್ಕು ಮೂಲೆಗೆ ಸರ್ವೆ ಗಳ, ಮೇಲೆ ನೀಲಿ ತಾಡಪತ್ರಿ, ಒಳಗಿನಿಂದ ಹಳೇ ಫ್ಲೆಕ್ಸು. ನಾನು ಪಾಠ ಮಾಡುವ ಶೆಡ್ಡಿನ ಸೂರಿನಲ್ಲಿ ಯಾರೋ ನಾಯಕರೊಬ್ಬರ ಹುಟ್ಟುಹಬ್ಬದ ಬ್ಯಾನರು ತಲೆಕೆಳಗಾಗಿ ಇದೆ. ಮಕ್ಕಳು ಅದರ ಅಕ್ಷರ ನೋಡಿಯೇ ‘ಶು’, ‘ಭಾ’ ಕಲಿತವು. ಅವರಿಗೆ ತಲೆಕೆಳಗಾದ ಅಕ್ಷರ ಓದುವುದೂ ಬರುತ್ತದೆ.

ನೆಲಕ್ಕೆ ಕಟ್ಟಡದ ಡೆಬ್ರಿ ಹಾಕಿ, ಮೇಲೆ ಮಣ್ಣು ಹಾಕಿ ಸಾರಿಸುತ್ತಾರೆ. ಒಂದು ಟ್ರಂಕು, ಹಗ್ಗದ ಮೇಲೆ ಬಟ್ಟೆ, ಎತ್ತರದಲ್ಲಿ ಒಂದು ಕ್ಯಾರಿಬ್ಯಾಗು. ಆ ಕ್ಯಾರಿಬ್ಯಾಗಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಇರುತ್ತವೆ. ಮಳೆ ಬಂದಾಗ ಮೊದಲು ಕೂಸನ್ನು ಎತ್ತಿಕೊಳ್ಳುತ್ತಾರೆ, ಎರಡನೆಯದಾಗಿ ಆ ಚೀಲವನ್ನು.

## ದಿನದ ಬದುಕಿನವು

ನೀರು, ಟಾಯ್ಲೆಟ್ಟು ಎಲ್ಲಾ ಏನು ಮಾಡ್ತಾರೆ?

ಟ್ಯಾಂಕರ್ ಬರುತ್ತದೆ. 200 ಲೀಟರಿನ ನೀಲಿ ಡ್ರಮ್ಮಿಗೆ 50 ರೂಪಾಯಿ. ಅಂದರೆ ಸಾವಿರ ಲೀಟರಿಗೆ 250. ಮನೆಗೆ ಕಾವೇರಿ ಪೈಪು ಇರುವವರು ಬಿಲ್ಲು ತೆಗೆದು ನೋಡಿ. ತಿಂಗಳ ಮೊದಲ 8,000 ಲೀಟರಿಗೆ ನೀರಿನ ದರ ಸಾವಿರ ಲೀಟರಿಗೆ ಹತ್ತು ರೂಪಾಯಿಯೊಳಗೇ ಇದೆ. ಹಾಗಾಗಿ ಇಟ್ಟಿಗೆ ಹೊರುವವಳು ನೀರಿಗೆ ನಿಮಗಿಂತ ಇಪ್ಪತ್ತೈದು ಪಟ್ಟು ಜಾಸ್ತಿ ಕೊಡುತ್ತಾಳೆ. 2024ರ ಅಕ್ಟೋಬರಿನಲ್ಲಿ ಹೊರವಲಯದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಸಂಪರ್ಕಕ್ಕೆ ಆಸ್ತಿಯ ಕಾಗದ ಬೇಕು. ಮೊದಲೇ ಹೇಳಿದೆನಲ್ಲ, ಇವರ ಹತ್ತಿರ ಬಾಡಿಗೆಯ ರಸೀದಿಯೂ ಇಲ್ಲ.

ಟಾಯ್ಲೆಟ್ಟಿಗೆ ಗಂಡಸರಿಗೆ ಬಯಲು. ಹೆಂಗಸರು ಬೆಳಕು ಹರಿಯುವ ಮುಂಚೆ ಮೂರ್ನಾಲ್ಕು ಜನ ಒಟ್ಟಾಗಿ ಮೊಬೈಲ್ ಟಾರ್ಚ್ ಹಿಡಿದು ಹೋಗುತ್ತಾರೆ. ಹಗಲಲ್ಲಿ ತಡೆದುಕೊಳ್ಳುತ್ತಾರೆ. ನೀರು ಕಮ್ಮಿ ಕುಡಿಯುತ್ತಾರೆ. ಉರಿಮೂತ್ರ ಅಲ್ಲಿ ಯಾರೂ ದೊಡ್ಡದಾಗಿ ಹೇಳದ, ಎಲ್ಲರಿಗೂ ಇರುವ ಕಾಯಿಲೆ. ಎರಡು ವರ್ಷ ನನಗೂ ಇದು ಗೊತ್ತಾಗಿರಲಿಲ್ಲ. ಒಂದು ದಿನ ಕೇಳಿದ್ದಕ್ಕೆ ಒಬ್ಬಾಕೆ ನಕ್ಕು, ‘ನೀವು ಕೇಳಿದ್ರಿ ಹೇಳಿದೆ ನೋಡ್ರಿ ಅಕ್ಕಾರ’ ಅಂದಳು.

ಈಗ ಕರೆಂಟ್ ಫ್ರೀ, ಬಸ್ ಫ್ರೀ, ತಿಂಗಳಿಗೆ ಎರಡು ಸಾವಿರ. ಇನ್ನೇನು ಬೇಕು ಇವರಿಗೆ?

ಒಂದೊಂದಾಗಿ ನೋಡೋಣ. ಕರೆಂಟು 2023ರಿಂದ ಮನೆಗಳಿಗೆ 200 ಯೂನಿಟ್‌ವರೆಗೆ ಫ್ರೀ, ನಿಜ. ಆದರೆ ಅದಕ್ಕೆ ಮೀಟರು, ಆರ್‌ಆರ್ ನಂಬರು ಬೇಕು. ಶೆಡ್ಡಿಗೆ ಎರಡೂ ಇಲ್ಲ. ಜಾಗ ನೋಡಿಕೊಳ್ಳುವವನು ಎಲ್ಲಿಂದಲೋ ವೈರು ಎಳೆದಿದ್ದಾನೆ. ಒಂದು ಬಲ್ಬು, ಒಂದು ಚಾರ್ಜರಿಗೆ ತಿಂಗಳಿಗೆ 200 ರೂಪಾಯಿ ವಸೂಲಿ. ಫ್ಯಾನು ಹಾಕಿದರೆ ಬೇರೆ.

ಬಸ್ಸು ಮಾತ್ರ ನಿಜವಾಗಿ ಕೆಲಸಕ್ಕೆ ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಮುಂಚೆ ದೀಪಾವಳಿಗೋ ಯುಗಾದಿಗೋ ಊರಿಗೆ ಹೋಗುವುದು ಅಂದರೆ ವಾರದ ಕೂಲಿ ಟಿಕೆಟ್ಟಿಗೆ ಹೋಗುತ್ತಿತ್ತು. ಈಗ ತಾಯಿ ಸತ್ತಳು ಅಂತ ಫೋನು ಬಂದರೆ ಹೆಣ್ಣುಮಗಳು ಆ ರಾತ್ರಿಯೇ ಬಸ್ಸು ಹತ್ತುತ್ತಾಳೆ. ಗಂಡನ ಕೈ ನೋಡಬೇಕಾಗಿಲ್ಲ.

ಇನ್ನು ಗೃಹಲಕ್ಷ್ಮಿ. ಅದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ನಮ್ಮ ಸಾಲಿನ ಸೊಸೆಯಂದಿರ ಪಾಲಿಗೆ ಯಜಮಾನಿ ಅಂದರೆ ಊರಲ್ಲಿರುವ ಅತ್ತೆ. ಅತ್ತೆ ಒಳ್ಳೆಯವಳಾದರೆ ಸರಿ!

ರೇಷನ್ ಇಲ್ಲಿ ಸಿಗಲ್ವಾ?

ಸಿಗಬೇಕು. ರಾಜ್ಯದ ಕಾರ್ಡಿಗೆ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಒತ್ತಿ ತೆಗೆದುಕೊಳ್ಳುವ ಹಕ್ಕಿದೆ. ಅಂಗಡಿಯವರು ಒಮ್ಮೊಮ್ಮೆ ‘ಸ್ಟಾಕ್ ಇಲ್ಲ, ನಮ್ಮ ಕಾರ್ಡಿನವರಿಗೇ ಸಾಲದು’ ಅನ್ನುತ್ತಾರೆ. ಸಿಮೆಂಟು ಕೆಲಸದಲ್ಲಿ ಬೆರಳಿನ ಗೆರೆ ಸವೆದು ಮಷೀನು ಹಿಡಿಯದೇ ಇರುವುದೂ ಉಂಟು. ಹಾಗಾಗಿ ಬಹಳ ಮನೆಯವರು ಅಕ್ಕಿಯನ್ನು ಊರಲ್ಲಿರುವ ಮುದುಕರಿಗೆ ಬಿಟ್ಟು, ಇಲ್ಲಿ ಅಂಗಡಿಯಲ್ಲಿ ಕೊಳ್ಳುತ್ತಾರೆ.

ದಿನಕ್ಕೆ ಸಾವಿರ ದುಡೀತಾರಂತೆ. ದುಡ್ಡೆಲ್ಲ ಕುಡಿಯೋಕೆ ಹೋಗುತ್ತಾ?

ಸಾವಿರ ಸಿಗುವುದು ಒಳ್ಳೇ ಗೌಂಡಿಗೆ. ಗಂಡಾಳಿಗೆ 700, ಹೆಣ್ಣಾಳಿಗೆ 500. ಅದೇ ಬಾಂಡ್ಲಿ, ಅದೇ ಮೆಟ್ಟಿಲು. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕು ಅನ್ನುವ ಕಾನೂನು ದೇಶದಲ್ಲಿ ಬಂದಿದ್ದು 1976ರಲ್ಲಿ. ಮೇಸ್ತ್ರಿಗೆ ಹೇಳಿ ನೋಡಿ, ನಗುತ್ತಾನೆ.

ತಿಂಗಳಿಗೆ ಮೂವತ್ತು ದಿನ ಕೆಲಸ ಸಿಗುವುದಿಲ್ಲ. ಮಳೆ ಬಂದರೆ ಇಲ್ಲ, ಮೇಸ್ತ್ರಿಗೆ ಮಾಲು ಬರದಿದ್ದರೆ ಇಲ್ಲ. ವಾರದ ಕೊನೆಗೆ ‘ಖರ್ಚಿಗೆ’ ಅಂತ ಒಂದಿಷ್ಟು ಕೊಡುತ್ತಾನೆ. ಉಳಿದದ್ದು ಮೇಸ್ತ್ರಿಯ ಪುಸ್ತಕದಲ್ಲಿ. ಹಬ್ಬಕ್ಕೆ ಊರಿಗೆ ಹೋಗುವಾಗ ಲೆಕ್ಕ ಆಗುತ್ತದೆ. ಆಗ ಮುಂಗಡ ಕಳೆದು, ಆಸ್ಪತ್ರೆಗೆ ಕೊಟ್ಟಿದ್ದು ಕಳೆದು ಎಷ್ಟು ಉಳಿಯಿತು ಅನ್ನುವುದು ಪುಸ್ತಕ ಇಟ್ಟವನಿಗೇ ಗೊತ್ತು. ನಾನು ದೊಡ್ಡ ಮಕ್ಕಳಿಗೆ ಮೊದಲು ಕಲಿಸಿದ್ದು ಪದ್ಯ ಅಲ್ಲ. ಅಪ್ಪ ಅವ್ವ ಎಷ್ಟು ದಿನ ಹೋದರು ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕುವುದು. ಆ ವರ್ಷ ಲೆಕ್ಕದ ಹೊತ್ತಿಗೆ ಒಬ್ಬ ಹುಡುಗಿ ಕ್ಯಾಲೆಂಡರನ್ನೇ ಕಿತ್ತುಕೊಂಡು ಹೋಗಿ ಮೇಸ್ತ್ರಿಯ ಮುಂದೆ ಹಾಸಿದಳು. ಹನ್ನೊಂದು ದಿನದ ವ್ಯತ್ಯಾಸ ಸಿಕ್ಕಿತು. ಮೇಸ್ತ್ರಿ ನನ್ನ ಜೊತೆ ಮಾತು ಬಿಟ್ಟ.

ಕುಡಿತ ಇದೆ. ಇಲ್ಲ ಅಂತ ಹೇಳಿದರೆ ಆ ಸಾಲಿನ ಹೆಂಗಸರೇ ನನ್ನನ್ನು ಬಯ್ಯುತ್ತಾರೆ. ಆದರೆ ದೊಡ್ಡ ತೂತು ಬೇರೆ: ಸಂಘದ ಕಂತು. ಮಗಳ ಮದುವೆಗೋ ಬೋರು ಕೊರೆಸಲೋ ತೆಗೆದ ಸಾಲದ ಕಂತನ್ನು ವಾರ ವಾರ ಫೋನಿನಲ್ಲೇ ಊರಿಗೆ ಕಳಿಸುತ್ತಾರೆ. ಕಂತು ತಪ್ಪಿದರೆ ವಸೂಲಿಯವರು ಊರಿನ ಮನೆ ಬಾಗಿಲಲ್ಲಿ ಕೂರುತ್ತಾರೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು.

ಏನು ಅಡುಗೆ ಮಾಡ್ತಾರೆ?

ಬೆಳಗ್ಗೆ ಐದಕ್ಕೆ ಹೋದರೆ ಇಡೀ ಸಾಲಿನಲ್ಲಿ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು. ಜೋಳ ಊರಿನದೇ. ಇಲ್ಲಿಯ ಜೋಳಕ್ಕೆ ಜಿಗಿ ಇಲ್ಲವಂತೆ, ರೊಟ್ಟಿ ಹರಿಯುತ್ತದಂತೆ. ಜೊತೆಗೆ ಶೇಂಗಾ ಹಿಂಡಿ, ಇಲ್ಲವೇ ಬೇಳೆ, ಸಿಕ್ಕಿದರೆ ಪುಂಡಿಪಲ್ಯ. ಮಧ್ಯಾಹ್ನಕ್ಕೆ ಅದನ್ನೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ.

ಒಲೆಗೆ ಸೈಟಿನಿಂದ ತಂದ ಸೆಂಟ್ರಿಂಗ್ ಹಲಗೆಯ ಚೂರು. ಅದಕ್ಕೆ ಸಿಮೆಂಟು, ಎಣ್ಣೆ ಮೆತ್ತಿರುತ್ತದೆ, ಹೊಗೆ ಕಣ್ಣಿಗೆ ಕಾರ ಹಾಕಿದ ಹಾಗೆ. ಗ್ಯಾಸು ಇರುವವರು ಚಿಕ್ಕ ಸಿಲಿಂಡರನ್ನು ಕೆಜಿ ಲೆಕ್ಕದಲ್ಲಿ ತುಂಬಿಸಿಕೊಳ್ಳುತ್ತಾರೆ. ಅಲ್ಲೂ ಅಷ್ಟೇ, ಚಿಲ್ಲರೆ ಕೊಂಡವರಿಗೆ ದರ ಜಾಸ್ತಿ.

ನಾನು ಮೊದಲ ವಾರ ಚಿತ್ರ ತೋರಿಸಿ ‘ಕ, ಕಡಲೆಕಾಯಿ’ ಅಂದೆ. ಏಳು ವರ್ಷದ ಹುಡುಗ ನನ್ನ ಮುಖ ನೋಡಿ, ಪಾಪ ಇವಳಿಗೆ ಗೊತ್ತಿಲ್ಲ ಅನ್ನುವ ಹಾಗೆ, ‘ಅದು ಶೇಂಗಾ ರೀ’ ಅಂದ.

ಮಕ್ಕಳನ್ನ ಯಾಕೆ ಶಾಲೆಗೆ ಕಳಿಸಲ್ಲ?

ಕಳಿಸುತ್ತಾರೆ. ಹತ್ತಿರದ ಸರ್ಕಾರಿ ಕನ್ನಡ ಶಾಲೆ ಇನ್ನೂ ಬಾಗಿಲು ತೆರೆದಿರುವುದೇ ಈ ಮಕ್ಕಳಿಂದ. ಹೋಗದ ಮಕ್ಕಳೂ ಇದ್ದಾರೆ. ಹೆಚ್ಚಾಗಿ ಎಂಟು, ಒಂಬತ್ತು ವರ್ಷದ ಹೆಣ್ಣುಮಕ್ಕಳು. ಅವರ ಸೊಂಟದಲ್ಲಿ ಒಂದು ತಮ್ಮ ಇರುತ್ತಾನೆ. ಅಂಗನವಾಡಿ ಮೂರು ವರ್ಷ ತುಂಬಿದವರನ್ನು ಕೂರಿಸಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವನನ್ನು ಯಾರು ನೋಡಬೇಕು? ಅಕ್ಕ.

ಇನ್ನೊಂದು ತೊಡಕು ವರ್ಷದ ನಡುವೆ ಬರುವುದು. ತೊಗರಿ ಕೊಯ್ದು ಜನವರಿಯಲ್ಲಿ ಬರುತ್ತಾರೆ. ಶಾಲೆಯಲ್ಲಿ ‘ಟಿಸಿ ತನ್ನಿ’ ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಇಲ್ಲ ಅಂತ ಸರ್ಕಾರಿ ಶಾಲೆಯಲ್ಲಿ ಸೇರಿಸದೇ ಇರುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಕೂರಿಸಬೇಕು. ಇದನ್ನು ಗಟ್ಟಿಯಾಗಿ, ಆದರೆ ಮರ್ಯಾದೆಯಿಂದ ಹೇಳಲು ಒಬ್ಬರು ಜೊತೆಗೆ ಹೋದರೆ ಅರ್ಧ ಗಂಟೆಯ ಕೆಲಸ.

ಅಲ್ಲಿಗೆ ಹೋಗೋಕೆ ಭಯ ಆಗಲ್ವಾ?

ನಾಯಿಗಳ ಭಯ ಇತ್ತು. ಈಗ ಅವುಗಳಿಗೂ ನನ್ನ ಗುರುತು ಹತ್ತಿದೆ.

## ಸ್ವಲ್ಪ ಒಳಗಿನವು

ಇದು ಸ್ಲಂ ತಾನೇ? ಸ್ಲಂ ಬೋರ್ಡಿನವರು ಮನೆ ಕೊಡಲ್ವಾ?

ಕಣ್ಣಿಗೆ ಸ್ಲಂ. ಕಾಗದಕ್ಕೆ ಅಲ್ಲ. 1973ರ ಕರ್ನಾಟಕ ಕೊಳಗೇರಿ ಕಾಯ್ದೆಯಲ್ಲಿ ಒಂದು ಜಾಗವನ್ನು ಕೊಳಗೇರಿ ಅಂತ ಘೋಷಿಸಬೇಕು. ಆಮೇಲೆ ನೀರು, ಚರಂಡಿ, ಹಕ್ಕುಪತ್ರ, ಮನೆಯ ಮಾತು. ಊರೊಳಗಿನ ಹಳೆಯ ಕೊಳಗೇರಿಗಳಲ್ಲಿ ಜನ ಎರಡು ಮೂರು ತಲೆಮಾರಿನಿಂದ ಇದ್ದಾರೆ. ಹೋರಾಡಿದ್ದಾರೆ, ಇಲ್ಲಿಯೇ ಓಟಿದೆ, ಕಾರ್ಪೊರೇಟರು ಬಾಗಿಲಿಗೆ ಬಂದಿದ್ದಾರೆ. ನೀಲಿ ಶೀಟಿನವರ ಓಟು ಊರಲ್ಲಿ. ಚುನಾವಣೆ ಬಂದಾಗ ಊರಿನ ಕಡೆಯಿಂದಲೇ ಗಾಡಿ ಬರುತ್ತದೆ, ಹತ್ತಿಸಿಕೊಂಡು ಹೋಗಿ ಓಟು ಹಾಕಿಸಿ ಕಳಿಸುತ್ತಾರೆ. ಇಲ್ಲಿಯ ನಾಯಕರಿಗೆ ಇವರು ಯಾರೂ ಅಲ್ಲ, ಅವರ ಬ್ಯಾನರು ಸೂರಿಗೆ ಇರುವುದು ಬಿಟ್ಟರೆ.

ಲೇಬರ್ ಕಾರ್ಡ್ ಇದ್ರೆ ಎಲ್ಲಾ ಸಿಗುತ್ತಂತೆ?

1996ರ ಕಟ್ಟಡ ಕಾರ್ಮಿಕರ ಕಾನೂನಿನಿಂದ ಬಂದದ್ದು ಇದು. ಕಟ್ಟಡದ ಖರ್ಚಿನ ಮೇಲೆ 1 ಪರ್ಸೆಂಟ್ ಸೆಸ್ಸು ತೆಗೆದು ಕಾರ್ಮಿಕರ ಮಂಡಳಿಗೆ ಹಾಕುತ್ತಾರೆ. ನೀವಿರುವ ಅಪಾರ್ಟ್‌ಮೆಂಟು ಕಟ್ಟುವಾಗಲೂ ಬಿಲ್ಡರು ಕಟ್ಟಬೇಕಾದ ದುಡ್ಡು ಅದು. ಮಕ್ಕಳ ಓದು, ಮದುವೆ, ಹೆರಿಗೆ, ಅಪಘಾತ, ಅರವತ್ತರ ಮೇಲೆ ಪಿಂಚಣಿ, ಎಲ್ಲಕ್ಕೂ ಯೋಜನೆ ಇದೆ.

ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಯಾರು ಸಹಿ ಹಾಕಬೇಕು? ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯ ಕಡೆಯವನು, ಅವನು ಗುತ್ತಿಗೆದಾರನ ಕಡೆಯವನು. ಯಾರೂ ನಮ್ಮ ಆಳು ಅಂತ ಬರೆದುಕೊಡುವುದಿಲ್ಲ. ಹೀಗಾಗಿ ಬಾಂಡ್ಲಿ ಮುಟ್ಟದವರ ಹತ್ತಿರ ಕಾರ್ಡು ಇರುತ್ತದೆ, ಕೈಯಲ್ಲಿ ಸಿಮೆಂಟಿನ ಹುಣ್ಣು ಇರುವವಳ ಹತ್ತಿರ ಇರುವುದಿಲ್ಲ.

ಇನ್ನೊಂದು ತಮಾಷೆ. ವಲಸೆ ಕಾರ್ಮಿಕರಿಗೆ ಅಂತಲೇ 1979ರಲ್ಲಿ ಕಾನೂನು ಮಾಡಿದರು. 2025ರವರೆಗೆ ಜಾರಿಯಲ್ಲಿದ್ದ ಅದು ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ. ಗುತ್ತಿಗೆದಾರನ ಜೊತೆ ತಮಿಳುನಾಡಿನ ಹೊಸೂರಿನಿಂದ ನಲವತ್ತು ಕಿಲೋಮೀಟರು ಬಂದವನು ಅದರಲ್ಲಿ ವಲಸಿಗ ಆಗಿದ್ದ. ಯಾದಗಿರಿಯಿಂದ ಸುಮಾರು ಐನೂರು ಕಿಲೋಮೀಟರು ಬಂದವನು ಆಗಿರಲಿಲ್ಲ.

ಇವರೆಲ್ಲ ಬಾಂಗ್ಲಾದೇಶದವರು ಅಂತಾರಲ್ಲ?

ಬೆಂಗಳೂರಿನ ಬೇರೆ ಕಡೆ, ಮುಖ್ಯವಾಗಿ ವೈಟ್‌ಫೀಲ್ಡ್, ಬೆಳ್ಳಂದೂರಿನ ಸುತ್ತ, ಬಂಗಾಳ, ಅಸ್ಸಾಂ, ತ್ರಿಪುರಾದಿಂದ ಬಂದು ಕಸ ಆಯುವ, ಮನೆಗೆಲಸ ಮಾಡುವ ಜನ ಇದ್ದಾರೆ. ಬಂಗಾಳಿ ಮಾತಾಡಿದ ಮಾತ್ರಕ್ಕೆ ಬಾಂಗ್ಲಾದೇಶದವರು ಆಗುವುದಿಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಈ ಹೆಸರು ಹೇಳಿಯೇ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಅಚ್ಚ ಕನ್ನಡದಲ್ಲಿ ಬೇಡಿಕೊಂಡರೂ ಜೆಸಿಬಿಗೆ ಕೇಳಿಸಲಿಲ್ಲ. ವಿಷಯ ಹೈಕೋರ್ಟಿಗೆ ಹೋಗಿ, ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ನನಗೆ ಈ ಪ್ರಶ್ನೆ ಕೇಳುವವರಿಗೆ ನಾನು ಗೋವಾದ ಮಾತು ತೆಗೆಯುತ್ತೇನೆ. ವಾಸ್ಕೋದ ಬೈನಾದಲ್ಲಿ ಕೂಲಿಗೆ ಹೋದ ನಮ್ಮವರ ಮನೆಗಳನ್ನು ಕೆಡವಿದಾಗ ನಮ್ಮ ಪತ್ರಿಕೆಗಳ ತುಂಬಾ ಸುದ್ದಿ. ಕನ್ನಡಿಗರಿಗೆ ಅನ್ಯಾಯ ಅಂತ ನಮಗೆಲ್ಲ ಸಿಟ್ಟು ಬಂತು. ಬರಬೇಕಾದ್ದೇ. ಅದೇ ಉತ್ತರ ಕರ್ನಾಟಕದ ಜನರ ಮನೆ ಬೆಂಗಳೂರಿನಲ್ಲಿ ಬಿದ್ದರೆ ಮಾತ್ರ ಅದು ‘ಒತ್ತುವರಿ ತೆರವು’.

ಹಳೇ ಬಟ್ಟೆ ಇದೆ, ಮಗನ ಹುಟ್ಟುಹಬ್ಬಕ್ಕೆ ಅಲ್ಲೇ ಕೇಕ್ ಕತ್ತರಿಸಬೇಕು ಅಂತಿದೀವಿ. ಬರಬಹುದಾ?

ಬಟ್ಟೆ ಸಾಕಷ್ಟು ಬಿದ್ದಿದೆ, ಬಾಗಿಲಿಗೆ ಪರದೆ ಕಟ್ಟಿದ್ದಾರೆ. ಕೇಕು ಬೇಡ. ನಿಮ್ಮ ಮಗ ಒಬ್ಬ ಕತ್ತರಿಸಿ, ನಲವತ್ತು ಮಕ್ಕಳು ಸಾಲಾಗಿ ನಿಂತು, ನೀವು ಫೋಟೊ ತೆಗೆದು... ಬೇಡ. ಫೋಟೊ ತೆಗೆಯುವ ಮುಂಚೆ ನಿಮ್ಮ ಮನೆಯೊಳಗೆ ಯಾರಾದರೂ ಕೇಳದೆ ಕ್ಯಾಮೆರಾ ಹಿಡಿದು ಬಂದರೆ ಏನು ಮಾಡುತ್ತೀರಿ ಅಂತ ಯೋಚಿಸಿ.

ಕೆಲಸಕ್ಕೆ ಬರುವುದು ಬೇರೆ. ಒಂದು ರಜೆ ಹಾಕಿ ಬ್ಯಾಂಕಿಗೆ ಜೊತೆಗೆ ಬನ್ನಿ, ಕೆವೈಸಿ ಮಾಡಿಸಿ. ಲೇಬರ್ ಕಾರ್ಡಿನ ಅರ್ಜಿ ತುಂಬಿಕೊಡಿ. ಆಸ್ಪತ್ರೆಯ ಸಾಲಿನಲ್ಲಿ ಪಕ್ಕದಲ್ಲಿ ನಿಲ್ಲಿ. ಚೀಟಿ ಬರೆಯುವವರು ನಿಮ್ಮನ್ನು ನೋಡಿ ‘ಹೇಳಿ’ ಅನ್ನುತ್ತಾರೆ, ಅವರನ್ನು ನೋಡಿ ‘ಏನೇ’ ಅನ್ನುತ್ತಾರೆ. ನಿಮ್ಮ ಮನೆಗೆಲಸಕ್ಕೆ ಬರುವವರು ಇದೇ ಸಾಲಿನವರಾದರೆ ನಿಮ್ಮ ಬಾತ್‌ರೂಮು ಬಳಸಲು ಬಿಡಿ. ನಾಲ್ಕು ಅಪಾರ್ಟ್‌ಮೆಂಟಿನಲ್ಲಿ ಕೇಳಿದ್ದೇನೆ. ಹಳೇ ಬಟ್ಟೆ ಕೊಡಲು ಎಲ್ಲರೂ ತಯಾರು, ಇದಕ್ಕೆ ಇಬ್ಬರು.

ಆ ಸೈಟಿನಲ್ಲಿ ಬಿಲ್ಡಿಂಗ್ ಶುರುವಾದ್ರೆ ಇವರು ಎಲ್ಲಿಗೆ ಹೋಗ್ತಾರೆ?

ಕಳೆದ ವರ್ಷ ಜಾಗದ ಒಂದು ಭಾಗಕ್ಕೆ ಹಾಗೇ ಆಯಿತು. ಗುರುವಾರ ಹೇಳಿದರು, ಭಾನುವಾರದೊಳಗೆ ಖಾಲಿ ಮಾಡಿ ಅಂತ. ನಾನು ಪಾಠಕ್ಕೆ ಹೋದಾಗ ಗಳಗಳನ್ನು ಬಿಚ್ಚಿ ಟೆಂಪೋಗೆ ಕಟ್ಟುತ್ತಿದ್ದರು. ಮೂವತ್ತು ಮನೆ, ಮಧ್ಯಾಹ್ನದೊಳಗೆ ನೆಲದ ಮೇಲೆ ಸಾರಿಸಿದ ಚೌಕಗಳು ಮಾತ್ರ ಉಳಿದವು. ಕೆಲವರು ಬಾಗಲೂರಿನ ಕಡೆ ಹೋದರು, ಕೆಲವರು ಸರ್ಜಾಪುರ ರಸ್ತೆಗೆ, ಮೇಸ್ತ್ರಿ ಎಲ್ಲಿ ಕರೆದರೆ ಅಲ್ಲಿಗೆ. ಇಬ್ಬರಿಗೆ ಮಾತ್ರ ಅಲ್ಲೇ ಕೆಲಸ ಸಿಕ್ಕಿತು. ತಮ್ಮ ಒಲೆ ಇದ್ದ ಜಾಗದಲ್ಲೇ ಪಾಯ ತೋಡುವ ಕೆಲಸ.

ಕ್ಯಾಲೆಂಡರ್ ಹಾಸಿದ ಹುಡುಗಿಯೂ ಹೋದಳು. ಆರನೇ ಕ್ಲಾಸಿನಲ್ಲಿದ್ದಳು, ಅಕ್ಟೋಬರು ನಡೆಯುತ್ತಿತ್ತು. ಅವರಪ್ಪನ ನಂಬರು ಒಂದು ತಿಂಗಳು ಹತ್ತುತ್ತಿತ್ತು, ಆಮೇಲೆ ಸ್ವಿಚ್ ಆಫ್. ಶಾಲೆಯ ಹೆಡ್‌ಮಿಸ್ಸು ಈಗಲೂ ಸಿಕ್ಕಾಗ ಕೇಳುತ್ತಾರೆ, ‘ಆ ಹುಡುಗಿ ಟಿಸಿ ಇಲ್ಲೇ ಇದೆ ಕಣಮ್ಮ, ಎಲ್ಲಿಗೆ ಕಳಿಸ್ಲಿ?’